ಗೆರೆಯಣ್ಣ ಒಗೆದ ಬಿಲ್ಲೆಗಳು

ನಮ್ಮ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದವನಿಗೆ ಒಂದು ಸ್ವಂತ ಹೆಸರಿತ್ತು. ಅದು ಅವನ ಗುರುತಿನ ಚೀಟಿಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಬೀದಿಗೆಲ್ಲ ಅವನು ಗೆರೆಯಣ್ಣ. ಅವನು ಪ್ಯಾಂಟಿಗೆ ಒಮ್ಮೆ ಗೆರೆ ಹಾಕಿದನೆಂದರೆ ಅದು ಮಳೆಯಲ್ಲಿ ನೆನೆದರೂ ಹೋಗುತ್ತಿರಲಿಲ್ಲ. ನಾನು ಶಾಲೆಯಿಂದ ನಿವೃತ್ತನಾದ ದಿನ ತೊಟ್ಟಿದ್ದ ಪ್ಯಾಂಟು ಈಗಲೂ ಬೀರುವಿನಲ್ಲಿದೆ. ಗೆರೆಯೂ ಇದೆ. ನಾನು ಮಾತ್ರ ಅದರೊಳಗೆ ಹಿಡಿಸುವುದಿಲ್ಲ.

ಅವನ ಹೆಂಡತಿಯನ್ನು ಗೆರೆಯಕ್ಕ ಎನ್ನುತ್ತಿದ್ದೆವು. ಅವಳು ಒಂದು ಗೆರೆಯನ್ನೂ ಹಾಕಿದವಳಲ್ಲ. ಇದ್ದಿಲು ಹೊತ್ತಿಸುವುದು, ಕಿತ್ತ ಗುಂಡಿ ಹೊಲಿಯುವುದು, ಗಂಡ ಗಿರಾಕಿಗಳೊಂದಿಗೆ ಮಾತು ಬೆಳೆಸಿದಾಗ ಅದನ್ನು ಮುಗಿಸುವುದು, ಇವು ಅವಳ ಪಾಲಿನ ಕೆಲಸಗಳಾಗಿದ್ದವು.

ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆಯೇ. ರಸ್ತೆಯ ಕಡೆಗೆ ಶಟರ್ ಬಾಗಿಲು, ಬಾಗಿಲಿಗೆ ಅಡ್ಡಲಾಗಿ ಕಂಬಳಿ ಹಾಸಿದ ಮೇಜು, ಗೋಡೆಯ ಹಲಗೆಗಳ ಮೇಲೆ ಬಟ್ಟೆಯ ಗಂಟುಗಳು. ಹಿಂದೆ ಅಡುಗೆಮನೆ, ಅದರ ಹಿಂದೆ ನಲ್ಲಿಯೂ ಒಗೆಯುವ ಕಲ್ಲೂ ಇದ್ದ ಚಿಕ್ಕ ಹಿತ್ತಲು. ಮೇಲೆ ತಾರಸಿ, ತಾರಸಿಯ ತುಂಬ ಹಗ್ಗ. ಹೊರಗೆ, ನಮ್ಮ ಶಾಲೆಯವರು ಹರಾಜಿನಲ್ಲಿ ಮಾರಿದ್ದ ಒಂದು ಬೆಂಚು. ಅದರ ಮೇಲೆ ಯಾವುದೋ ಕಾಲದ ವಿದ್ಯಾರ್ಥಿಯೊಬ್ಬ ಕೊರೆದಿದ್ದ ನನ್ನ ಚಿತ್ರವೂ ಇತ್ತು, ಕಿವಿ ಸ್ವಲ್ಪ ದೊಡ್ಡದಾಗಿ ಬಂದಿತ್ತು. ನಿವೃತ್ತಿಯ ನಂತರ ಬಹಳ ಹೊತ್ತು ನಾನು ಆ ಬೆಂಚಿನ ಮೇಲೆಯೇ ಇರುತ್ತಿದ್ದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಹೆಚ್ಚಿನದು ನಾನೇ ಕಂಡದ್ದು, ಉಳಿದದ್ದು ಗೆರೆಯಕ್ಕ ಹೇಳಿದ್ದು.

ಗೆರೆಯಣ್ಣ ಕೆಲಸ ಕಲಿತದ್ದು ಒಂದು ದೊಡ್ಡ ಆಸ್ಪತ್ರೆಯ ಒಗೆಯುವ ಮನೆಯಲ್ಲಿ. ಅಲ್ಲಿ ಹಾಸಿಗೆಯ ಹೊದಿಕೆಗಳು ಬೆಟ್ಟದಂತೆ ಬಂದು ಬೀಳುತ್ತಿದ್ದವು. ಸ್ವಲ್ಪ ಕಲೆ ಉಳಿದರೂ ಹಿರಿಯ ನರ್ಸಮ್ಮ ಅದನ್ನು ಅವನ ಹೆಗಲ ಮೇಲೆ ಹಾಕಿ, ಏನೂ ಮಾತನಾಡದೆ ಹೋಗಿಬಿಡುತ್ತಿದ್ದರಂತೆ. ಬೈದಿದ್ದರೆ ಮರೆಯುತ್ತಿದ್ದನೋ ಏನೋ. ಬೈಯದೆ ಹೋದದ್ದರಿಂದ ಅದು ಎಲುಬಿಗೆ ಇಳಿಯಿತು. ಬಿಳಿಯಾಗಿ ಬಂದದ್ದು ಬಿಳಿಯಾಗಿಯೇ ಹಿಂದಿರುಗಬೇಕು ಎಂಬುದನ್ನು ಬಿಟ್ಟು ಅವನಿಗೆ ಬೇರೆ ಸಿದ್ಧಾಂತವಿರಲಿಲ್ಲ.

ಅಂಥವನಿಗೆ ಸಿಕ್ಕಿದ ಮನೆಯ ಎದುರಿಗೇ ಬಸ್ಸುಗಳ ಕೊನೆಯ ನಿಲ್ದಾಣವಿತ್ತು. ಬಂದ ಬಸ್ಸು ಅಲ್ಲಿ ತಿರುಗಿ ನಿಲ್ಲುತ್ತಿತ್ತು. ಡ್ರೈವರು ಇಳಿದು ಟೀ ಕುಡಿಯುತ್ತಿದ್ದ. ಇಂಜಿನ್ನು ಮಾತ್ರ ಬಿಡುವಿಲ್ಲದೆ ಓಡುತ್ತಲೇ ಇರುತ್ತಿತ್ತು. ತಾರಸಿಯ ಮೇಲೆ ಒಣಗಲು ಹಾಕಿದ ಬಿಳಿ ಅಂಗಿಗಳ ಮೇಲೆ ಮಸಿಯ ಚುಕ್ಕೆಗಳು ಬಂದು ಕೂರುತ್ತಿದ್ದವು. ಗೆರೆಯಣ್ಣ ಅವನ್ನು ಕೆಳಗೆ ತಂದು ಮತ್ತೆ ಒಗೆಯುತ್ತಿದ್ದ. ಆಮೇಲೆ ರಸ್ತೆ ದಾಟಿ ಹೋಗಿ ದಪ್ಪಮೀಸೆಯ ಡ್ರೈವರನ ಮುಂದೆ ನಿಲ್ಲುತ್ತಿದ್ದ.

"ಇಂಜಿನ್ ಆಫ್ ಮಾಡಿ ಟೀ ಕುಡೀಬಾರದಾ?"

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಬೇಕಲ್ಲ. ನೀನು ಬಂದು ತಳ್ತೀಯಾ?"

"ನನ್ನ ಬಿಳಿ ಬಟ್ಟೆ ಮೇಲೆಲ್ಲ ಮಸಿ ಕೂತ್ಕೊಳ್ತಾ ಇದೆ."

"ಹಾಗಾದ್ರೆ ಕರಿ ಬಟ್ಟೆ ತಗೊಂಡು ಒಗಿ. ಬಿಳೀದೇ ಬೇಕು ಅಂತ ಯಾರು ಹೇಳಿದ್ರು?"

ಇಷ್ಟಾದ ಮೇಲೆ ಡ್ರೈವರು ತನ್ನ ಖಾಕಿ ಬಟ್ಟೆಯನ್ನು ಇಸ್ತ್ರಿಗೆ ಕೊಡುತ್ತಿದ್ದ. ಗೆರೆಯಣ್ಣ ಅದಕ್ಕೂ ಅಷ್ಟೇ ನೇರವಾದ ಗೆರೆ ಹಾಕುತ್ತಿದ್ದ. ಜಗಳವನ್ನು ಅವನು ಇಸ್ತ್ರಿ ಮೇಜಿಗೆ ತರುತ್ತಿರಲಿಲ್ಲ.

ಬಟ್ಟೆಯ ಮಸಿಯಷ್ಟೇ ಆಗಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವಿರಲಿಲ್ಲ. ಗೆರೆಯಕ್ಕನಿಗೆ ಉಬ್ಬಸ ಹತ್ತಿಕೊಂಡಿತು. ಮೊದಮೊದಲು ಬೆಳಗಿನ ಹೊತ್ತು ಕೆಮ್ಮುತ್ತಿದ್ದಳು. ಆಮೇಲೆ ತಾರಸಿಗೆ ಬಟ್ಟೆ ಹೊತ್ತುಕೊಂಡು ಹೋದರೆ ನಡುವೆ ಕೂತು ಹೋಗಬೇಕಾಯಿತು. ಡಾಕ್ಟರು ಬಾಯಿಯಿಂದ ಎಳೆದುಕೊಳ್ಳುವ ಔಷಧ ಕೊಟ್ಟು, ಹೊಗೆ ಧೂಳಿನಿಂದ ದೂರವಿರಬೇಕೆಂದರು. ಆ ಮನೆಯಲ್ಲಿದ್ದುಕೊಂಡು ಹೊಗೆಯಿಂದ ದೂರವಿರುವುದು ಹೇಗೆಂದು ಡಾಕ್ಟರು ಹೇಳಲಿಲ್ಲ, ಅವರು ಆ ಮನೆಯನ್ನು ನೋಡಿರಲಿಲ್ಲ.

ಗೆರೆಯಣ್ಣನ ಪ್ರಕಾರ ಇದು ಎದುರಿನ ಬಸ್ಸುಗಳ ಕೆಲಸ. ಅವನ ನಾದಿನಿಯ ಪ್ರಕಾರ ಇದು ಗೆರೆಯಣ್ಣನ ಇದ್ದಿಲಿನ ಕೆಲಸ. ನಾದಿನಿ ನಾಲ್ಕು ಬೀದಿ ಆಚೆ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಅಕ್ಕನನ್ನು ನೋಡಲು ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಮೂಗೆಳೆದು ನೋಡುತ್ತಿದ್ದಳು.

"ಭಾವ, ನಮ್ಮಕ್ಕನ್ನ ಹೊಗೆ ಹಾಕಿ ಹಣ್ಣು ಮಾಡ್ತಾ ಇದ್ದೀರಾ?"

"ತಿರುಗಿ ನೋಡು. ಎದುರಿಗೆ ನಾಲ್ಕು ಬಸ್ಸು ನಿಂತಿದೆ."

"ಬಸ್ಸು ರಸ್ತೇಲಿದೆ. ಅಗ್ಗಿಷ್ಟಿಕೆ ಅವಳ ಮೂಗಿನ ಕೆಳಗಿದೆ."

"ಇಬ್ರೂ ಸ್ವಲ್ಪ ಬಾಯಿ ಮುಚ್ಕೊಂಡ್ರೆ ನಾನು ಉಸಿರಾಡ್ತೀನಿ" ಎಂದು ಒಳಗಿನಿಂದ ಗೆರೆಯಕ್ಕ ಹೇಳುತ್ತಿದ್ದಳು.

ನಾದಿನಿಯ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಇಸ್ತ್ರಿ ಪೆಟ್ಟಿಗೆಗೆ ತುಂಬುವ ಇದ್ದಿಲನ್ನು ಬೆಳಗ್ಗೆ ಗೆರೆಯಕ್ಕ ಮುಂದಿನ ಕೋಣೆಯೊಳಗೇ ಹೊತ್ತಿಸುತ್ತಿದ್ದಳು. ರಸ್ತೆಯಲ್ಲಿ ಹೊತ್ತಿಸಿದರೆ ಗಾಳಿಗೆ ಬೂದಿ ಹಾರಿ ಇಸ್ತ್ರಿಯಾದ ಬಟ್ಟೆಗಳ ಮೇಲೆ ಬೀಳುತ್ತಿತ್ತು. ಹಿತ್ತಲಲ್ಲಿ ಹೊತ್ತಿಸೋಣವೆಂದರೆ ಅಲ್ಲಿ ಒದ್ದೆ ಬಟ್ಟೆಗಳ ರಾಶಿ. ಆದ್ದರಿಂದ ಶಟರನ್ನು ಅರ್ಧ ಎತ್ತಿ, ಅಗ್ಗಿಷ್ಟಿಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹೊಗೆ ಕಳೆದು ಕೆಂಡ ಕೆಂಪಗಾಗುವವರೆಗೂ ರಟ್ಟಿನ ತುಂಡಿನಿಂದ ಬೀಸುತ್ತಿದ್ದಳು. ಬಿಳಿ ಬಟ್ಟೆಗೆ ಒಂದು ಕಣ ಬೂದಿ ತಾಗದಂತೆ ಕಂಡುಕೊಂಡಿದ್ದ ವ್ಯವಸ್ಥೆ ಅದು. ಬಟ್ಟೆಯ ಮಟ್ಟಿಗೆ ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಗೆರೆಯಣ್ಣ ಹೊರಗೆ ಬಸ್ಸನ್ನು ಎಷ್ಟೇ ಬೈದರೂ ಒಳಗೊಳಗೆ ಅವನಿಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಹೆಂಡತಿಯ ಉಸಿರನ್ನು ಕಸಿದುಕೊಂಡದ್ದು ಬಸ್ಸೋ, ತಾನೋ. ಬಸ್ಸಾದರೆ ಅವನು ಹೆಂಡತಿಗಾಗಿ ಹೋರಾಡುತ್ತಿರುವ ಗಂಡ. ಅಲ್ಲವಾದರೆ ಏನೆಂದು ಅವನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಬೀದಿಗೆ ವಿಶ್ವವಿದ್ಯಾಲಯದಿಂದ ಒಬ್ಬ ಹೆಂಗಸು ಬಂದರು. ಗಾಳಿಯಲ್ಲಿರುವ ಸೂಕ್ಷ್ಮ ಧೂಳನ್ನು ಹಿಡಿಯುವ ಯಂತ್ರ ಇಡಲು ಅವರಿಗೊಂದು ತಾರಸಿ ಬೇಕಾಗಿತ್ತು. ಒಂದು ಮನೆಯವರು ಯಂತ್ರ ಸದ್ದು ಮಾಡುತ್ತದೆಯೇ ಎಂದು ಕೇಳಿ ಬೇಡವೆಂದರು. ಇನ್ನೊಂದು ಮನೆಯವರು ಸದ್ದು ಮಾಡುವುದಿಲ್ಲವೆಂದು ತಿಳಿದು, ಹಾಗಾದರೆ ಅದು ಕೆಲಸ ಮಾಡುತ್ತದೆಂದು ನಂಬುವುದು ಹೇಗೆ ಎಂದರು. ಕೊನೆಗೆ ಅವರು ಇಸ್ತ್ರಿ ಅಂಗಡಿಯ ಮುಂದೆ ಬಂದು ನಿಂತರು. ಅಷ್ಟರಲ್ಲಿ ಬೀದಿಯವರು ಅವರಿಗೆ ಗಾಳಿ ಮೇಡಂ ಎಂದು ಹೆಸರಿಟ್ಟಾಗಿತ್ತು.

"ಈ ಮಿಷನ್ನು ಬಸ್ಸಿನ ಹೊಗೆ ಹಿಡಿಯುತ್ತಾ?" ಎಂದು ಗೆರೆಯಣ್ಣ ಕೇಳಿದ.

"ಹಿಡಿಯುತ್ತೆ ಅಣ್ಣ. ಎಲ್ಲಾ ಹೊಗೇನೂ ಹಿಡಿಯುತ್ತೆ."

ಅವನು ಮೊದಲನೆಯ ವಾಕ್ಯವನ್ನಷ್ಟೇ ಕೇಳಿಸಿಕೊಂಡ. ತಾರಸಿಯ ಬೀಗದ ಕೈಯನ್ನು ಆಗಲೇ ತೆಗೆದುಕೊಟ್ಟ.

ಮೇಡಂ ಬೆಂಚಿನ ಮೇಲೆ ಕೂತು ನಮಗೆಲ್ಲ ವಿವರಿಸಿದರು. ಕಣ್ಣಿಗೆ ಕಾಣುವ ಧೂಳು ಬಹುಮಟ್ಟಿಗೆ ಮೂಗು ಗಂಟಲಿನಲ್ಲೇ ನಿಲ್ಲುತ್ತದೆ. ಕೆಮ್ಮಿದರೆ, ಸೀನಿದರೆ ಹೊರಗೆ ಬರುತ್ತದೆ. ತಮಗೆ ಬೇಕಾಗಿರುವುದು ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಉಸಿರಿನ ಜೊತೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಅದರಲ್ಲಿ ತೀರ ಸಣ್ಣದು ರಕ್ತಕ್ಕೂ ಸೇರುತ್ತದೆ. ಎದೆಗೆ ಮಾತ್ರವಲ್ಲ, ಹೃದಯಕ್ಕೂ ಕೇಡು.

"ಕಾಣದೇ ಇರೋದನ್ನ ಹಿಡಿದು ಏನು ಮಾಡ್ತೀರಾ?" ಎಂದಳು ಗೆರೆಯಕ್ಕ.

"ಎಲ್ಲಿಂದ ಬಂತು ಅಂತ ನೋಡ್ತೀನಿ. ಆಮೇಲೆ ಅದು ಬಂದ ದಿನ ನಿಮ್ಮೆಲ್ಲರ ಉಸಿರು ಹೇಗಿತ್ತು ಅಂತ ನೋಡ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಹೊಗೆ ಎಷ್ಟು ತೊಂದರೆ ಮಾಡ್ತಾ ಇದೆ ಅಂತ ಗೊತ್ತಾಗುತ್ತೆ."

ತಾರಸಿಯ ಮೇಲೆ ಒಂದು ಯಂತ್ರವನ್ನೂ ಮುಂದಿನ ಕೋಣೆಯ ಹಲಗೆಯ ಮೇಲೆ ಒಂದು ಚಿಕ್ಕ ಯಂತ್ರವನ್ನೂ ಇಟ್ಟರು. ಎರಡರೊಳಗೂ ಒಂದೊಂದು ದುಂಡಗಿನ ಬಿಳಿ ಬಿಲ್ಲೆ. ಗಾಳಿ ಅದರ ಮೂಲಕ ಹಾದುಹೋಗುವಾಗ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ದಿನಕ್ಕೊಂದು ಬಿಲ್ಲೆ ಬದಲಾಯಿಸಿ, ಹಳೆಯದನ್ನು ಮುಚ್ಚಳದ ಡಬ್ಬಿಯಲ್ಲಿಡುವುದು ಗೆರೆಯಣ್ಣನ ಕೆಲಸ. ಕೈಯಿಂದ ಮುಟ್ಟಬಾರದು, ಚಿಮುಟದಿಂದಲೇ ಹಿಡಿಯಬೇಕು, ಬೀಳಿಸಬಾರದು, ಬಿಸಿಲಿನಲ್ಲಿಡಬಾರದು ಎಂದು ಮೇಡಂ ಸ್ಪಷ್ಟವಾಗಿ ಹೇಳಿದರು. ಶನಿವಾರ ಬಂದು ಡಬ್ಬಿಗಳನ್ನು ಒಯ್ಯುವೆನೆಂದರು.

ಬೀದಿಯ ಕೆಲವರಿಗೆ ಒಂದೊಂದು ಊದುಕೊಳವೆ ಕೊಟ್ಟರು. ಬೆಳಗ್ಗೆ ಸಂಜೆ ಜೋರಾಗಿ ಊದಬೇಕು. ಉಸಿರಿನ ಬಲಕ್ಕೆ ತಕ್ಕಂತೆ ಅದರ ಮೇಲಿನ ಮುಳ್ಳು ಸರಿಯುತ್ತದೆ, ಅದು ನಿಂತ ಗುರುತನ್ನು ಬರೆದಿಡಬೇಕು. ಗೆರೆಯಕ್ಕನಿಗೆ ಒಂದು, ನನಗೆ ಒಂದು. ಇಷ್ಟು ವರ್ಷ ತರಗತಿಯಲ್ಲಿ ಕೂಗಿದವನ ಉಸಿರು ಆ ಮುಳ್ಳನ್ನು ಎಲ್ಲಿಗೆ ಒಯ್ಯುತ್ತದೆಯೋ ಎಂದು ನನಗೆ ಹೆಮ್ಮೆಯಿತ್ತು. ಅದು ಹೆಚ್ಚು ದೂರ ಹೋಗಲಿಲ್ಲ. ಗೆರೆಯಕ್ಕನದು ಅದಕ್ಕಿಂತಲೂ ಬಹಳ ಹಿಂದೆಯೇ ನಿಂತಿತು. ಅವಳು ಕೊಳವೆಯನ್ನು ತಿರುಗಿಸಿ ನೋಡಿ, "ಇದು ಗಂಡಸರ ಅಳತೆ ಇರಬೇಕು" ಎಂದಳು.

ಶನಿವಾರ ಮೇಡಂ ಬಂದರು. ಬೆಂಚಿನ ಮೇಲೆ ಡಬ್ಬಿಗಳನ್ನು ಸಾಲಾಗಿಟ್ಟು ಒಂದೊಂದಾಗಿ ಮುಚ್ಚಳ ತೆಗೆದರು. ನಾನು ಪಕ್ಕದಲ್ಲೇ ಇದ್ದೆ. ಮೊದಲನೆಯ ಬಿಲ್ಲೆ ಬೆಳ್ಳಗಿತ್ತು. ಎರಡನೆಯದೂ ಬೆಳ್ಳಗಿತ್ತು. ಎಲ್ಲವೂ ಬೆಳ್ಳಗಿದ್ದವು.

"ಅಣ್ಣ, ಮಿಷನ್ ಆನ್ ಆಗಿತ್ತಾ?"

"ಒಂದು ದಿನಾನೂ ಆಫ್ ಆಗಿಲ್ಲ ಮೇಡಂ."

"ಬಿಲ್ಲೆ ದಿನಾ ಬದಲಾಯಿಸಿದ್ರಾ?"

"ದಿನಾ."

ಮೇಡಂ ಚಿಮುಟದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ಸ್ವಲ್ಪ ನೀಲಿ ಕಾಣ್ತಾ ಇದೆ."

"ಜಾಸ್ತಿ ಆಯ್ತಾ? ಒಂದು ಚಿಟಿಕೆ ನೀಲಿ ಹಾಕಿದ್ದು, ಅಷ್ಟೇ."

ಮೇಡಂ ಬಿಲ್ಲೆಯನ್ನು ನಿಧಾನವಾಗಿ ಡಬ್ಬಿಯೊಳಗಿಟ್ಟರು. "ಒಗೆದ್ರಾ?"

"ತುಂಬಾ ಕೊಳೆಯಾಗಿತ್ತು ಮೇಡಂ. ಬೋಗುಣೀಲಿ ನೆನೆಸಿ, ಮೆತ್ತಗೆ ಜಾಲಾಡಿಸಿ, ನೆರಳಲ್ಲಿ ಒಣಗಿಸಿದೆ. ಕೈಯಲ್ಲಿ ಮುಟ್ಟಿಲ್ಲ. ಚಿಮುಟದಲ್ಲೇ ಹಿಡಿದು ಒಗೆದಿದ್ದು. ಬಿಸಿಲಿಗೂ ಇಟ್ಟಿಲ್ಲ."

"ಗಂಜಿ?"

"ಹಾಕಿಲ್ಲ. ಹಾಕಬೇಕಿತ್ತಾ?"

ಮೇಡಂ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ನಾನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟೆ. ಗೆರೆಯಕ್ಕ ಒಂದು ಲೋಟ ನೀರು ತಂದುಕೊಟ್ಟಳು. ಮೇಡಂ ಅದನ್ನು ಪೂರ್ತಿ ಕುಡಿದರು.

"ಅಣ್ಣ, ನನಗೆ ಬೇಕಾಗಿರೋದೇ ಆ ಕೊಳೆ."

ಗೆರೆಯಣ್ಣ ಡಬ್ಬಿಯೊಳಗಿನ ಬಿಲ್ಲೆಯನ್ನು ಬಗ್ಗಿ ನೋಡಿದ. "ನಮ್ಮ ಅಂಗಡಿಗೆ ಇದುವರೆಗೂ ಯಾರೂ ಹಾಗೆ ಕೇಳ್ಕೊಂಡು ಬಂದಿಲ್ಲ" ಎಂದ.

ಅವನು ಹೇಳಿದ್ದು ನಿಜವಾಗಿತ್ತು. ಒಗೆಯಬಾರದೆಂದು ಮೇಡಂ ಹೇಳಿರಲಿಲ್ಲ. ಅದನ್ನು ಹೇಳಬೇಕಾಗಬಹುದೆಂದು ಅವರ ವಿದ್ಯೆಯಲ್ಲಿ ಯಾರಿಗೂ ಹೊಳೆದಿರಲಾರದು. ಬೂದುಬಣ್ಣಕ್ಕೆ ತಿರುಗಿದ ಬಿಲ್ಲೆಯನ್ನು ಹಾಗೆಯೇ ಹಿಂದಿರುಗಿಸಬಹುದೆಂದು ಅವನ ವಿದ್ಯೆಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ.

ಮೇಡಂ ಸಿಟ್ಟಾಗಲಿಲ್ಲ. ಅವನದೇ ಕಸುಬಿನಿಂದ ವಿಷಯವನ್ನು ಬಿಡಿಸಿ ಹೇಳಿದರು.

"ಅಂಗಿ ಮೇಲೆ ಶಾಯಿ ಬಿದ್ದಿದ್ಯಾ, ತುಕ್ಕಾ, ಟೀನಾ ಅಂತ ನಿಮಗೆ ನೋಡಿದ ಕೂಡಲೇ ಗೊತ್ತಾಗಲ್ವಾ?"

"ಗೊತ್ತಾಗುತ್ತೆ."

"ಹೊಗೆಗೂ ಹಾಗೇ. ಕಣ್ಣಿಗೆ ಎಲ್ಲಾ ಒಂದೇ ಬೂದುಬಣ್ಣ. ಆದರೆ ಲ್ಯಾಬಿನಲ್ಲಿ ನೋಡಿದ್ರೆ ಡೀಸೆಲ್ ಹೊಗೆಯ ಕಲೆ ಬೇರೆ, ಕಸ ಸುಟ್ಟಿದ್ದು ಬೇರೆ, ರಸ್ತೆ ಮಣ್ಣು ಬೇರೆ. ಒಂದೊಂದರಲ್ಲೂ ಇರೋ ವಸ್ತು ಬೇರೆ ಬೇರೆ. ಅದರಿಂದಲೇ ಎಲ್ಲಿಂದ ಬಂತು ಅಂತ ಹೇಳೋದು."

"ಇದ್ದಿಲು?" ಎಂದು ಕೇಳಿದ ಗೆರೆಯಣ್ಣ.

"ಇದ್ದಿಲಿಗೂ ಅದರದ್ದೇ ಕಲೆ ಇದೆ."

ಗೆರೆಯಣ್ಣ ಮೇಜಿನ ಹಿಂದಕ್ಕೆ ಹೋದ. ಮೇಜಿನ ಮೇಲಿದ್ದ ಪ್ಯಾಂಟನ್ನು ಮಗುಚಿಹಾಕಿ, ಆಗಲೇ ಗೆರೆ ಬಿದ್ದಿದ್ದ ಕಡೆ ಇನ್ನೊಮ್ಮೆ ಇಸ್ತ್ರಿ ಎಳೆದ.

ಮಾರನೆಯ ಬೆಳಗ್ಗೆ ಗೆರೆಯಕ್ಕ ಎದ್ದು ಬರುವಷ್ಟರಲ್ಲಿ ಅಗ್ಗಿಷ್ಟಿಕೆ ಅದರ ಜಾಗದಲ್ಲಿರಲಿಲ್ಲ. ಹಿತ್ತಲಿನ ಮೂಲೆಯಲ್ಲಿ ಗೆರೆಯಣ್ಣ ಅದರ ಮುಂದೆ ಕೂತಿದ್ದ. ಒದ್ದೆ ಬಟ್ಟೆಯ ರಾಶಿಯನ್ನು ಆಗಲೇ ತಾರಸಿಗೆ ಸಾಗಿಸಿದ್ದ. ಕೆಂಡ ಹೊತ್ತಿಸಿ ಅವನಿಗೆ ರೂಢಿಯಿಲ್ಲ. ಹುಬ್ಬಿನ ತುಂಬ ಬೂದಿ ಮಾಡಿಕೊಂಡಿದ್ದ.

"ಏನಿದು ಹೊಸ ವರಸೆ?"

"ಮಂಡಿ ನೋವು ಅಂತಿದ್ದೆಯಲ್ಲ. ಇನ್ಮೇಲೆ ನಾನೇ ಹೊತ್ತಿಸ್ತೀನಿ."

"ನೋವು ಇರೋದು ಮಂಡೀಲಿ ಅಲ್ಲ, ಎದೇಲಿ."

"ಎರಡೂ ನಿನ್ನವೇ ತಾನೇ."

ಗೆರೆಯಕ್ಕ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಹಲ್ಲುಜ್ಜಲು ಹೋದಳು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡನಿಗೆ ಮಂಡಿಯ ಚಿಂತೆ ಹತ್ತಿದರೆ ಅದಕ್ಕೊಂದು ಕಾರಣ ಇರಲೇಬೇಕು, ಅದು ಮಂಡಿಯಾಗಿರಲಾರದು ಎಂದು ತನಗೆ ಆಗಲೇ ಅನ್ನಿಸಿತ್ತೆಂದು ಆಮೇಲೆ ನನಗೆ ಹೇಳಿದಳು.

ಕಾರಣ ಇಷ್ಟೇ. ನೆಂಟರು ಬರುವ ಮೊದಲು ಮನೆ ಗುಡಿಸುವ ಹಾಗೆ ಗೆರೆಯಣ್ಣ ಯಂತ್ರಕ್ಕಾಗಿ ಕೋಣೆಯನ್ನು ಗುಡಿಸಿದ್ದ. ಕೋಣೆಯೊಳಗಿನ ಬಿಲ್ಲೆಗೆ ಇದ್ದಿಲಿನ ಕಲೆ ಸಿಗಬಾರದು, ಬಸ್ಸಿನದು ಮಾತ್ರ ಸಿಗಬೇಕು. ಬಿಲ್ಲೆಯನ್ನು ಒಗೆಯುವುದು ತಪ್ಪು ಎಂದು ಅವನಿಗೆ ಈಗ ಗೊತ್ತಾಗಿತ್ತು. ಬಿಲ್ಲೆ ಕೊಳೆಯಾಗದಂತೆ ನೋಡಿಕೊಳ್ಳುವುದು ತಪ್ಪು ಎಂದು ಯಾರೂ ಹೇಳಿರಲಿಲ್ಲ.

ಕೆಲವು ವಾರ ಕಳೆದವು. ಒಂದು ಸಂಜೆ ಗೆರೆಯಕ್ಕ ಕೊಳವೆ ಹಿಡಿದುಕೊಂಡು ಬೆಂಚಿನ ಬಳಿ ಬಂದಳು.

"ಮೇಷ್ಟ್ರೇ, ಇದು ಕೆಟ್ಟು ಹೋಗಿದೆ ಅನ್ಸುತ್ತೆ. ಮುಳ್ಳು ದಿನಾ ಮುಂದೆ ಮುಂದೆ ಹೋಗ್ತಾ ಇದೆ."

"ಊದಿ ನೋಡೋಣ" ಎಂದೆ. ಅವಳು ಊದಿದಳು. ಮುಳ್ಳು ನನ್ನ ಗುರುತನ್ನು ದಾಟಿ ನಿಂತಿತು. ನಾನು ನನ್ನ ಕೊಳವೆ ತರಿಸಿ ಊದಿದೆ. ಅದು ಮಾಮೂಲಿನ ಜಾಗದಲ್ಲೇ ಇತ್ತು.

"ಕೊಳವೆ ಕೆಟ್ಟಿಲ್ಲ. ನಿನಗೆ ಹೇಗಿದೆ?"

"ಎದೆ ಹಗುರ ಆಗಿದೆ. ಬೆಳಗ್ಗೆ ಹೊತ್ತು ಕೆಮ್ಮು ಅಷ್ಟಿಲ್ಲ. ನಿನ್ನೆ ತಾರಸಿಗೆ ಒಂದೇ ಏಟಿಗೆ ಹತ್ತಿದೆ. ಹತ್ತಿದ ಮೇಲೆ ಗೊತ್ತಾಯ್ತು, ಕೂರೋದು ಮರೆತುಬಿಟ್ಟೆ ಅಂತ."

ಮೇಜಿನ ಹಿಂದೆ ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತುಹೋಗಿತ್ತು. ಗೆರೆಯಣ್ಣ ಪೆಟ್ಟಿಗೆಯನ್ನು ಅಂಗಿಯ ಮೇಲಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ. ಬಟ್ಟೆ ಸುಟ್ಟ ವಾಸನೆ ಬಂತು. ಎತ್ತಿ ನೋಡಿದರೆ ಬೆನ್ನಿನ ಮೇಲೆ ಪೆಟ್ಟಿಗೆಯ ಆಕಾರದ ಕಂದು ಗುರುತು. ಆ ಅಂಗಡಿಯಲ್ಲಿ ಹಾಗಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದು ನನ್ನ ಅಂಗಿ.

ಅಂದಿನಿಂದ ಗೆರೆಯಣ್ಣ ರಸ್ತೆ ದಾಟುವುದನ್ನು ನಿಲ್ಲಿಸಿದ. ಕೊನೆಗೆ ದಪ್ಪಮೀಸೆಯ ಡ್ರೈವರೇ ಈಚೆಗೆ ಬಂದ.

"ಏನಣ್ಣ, ಬೈಯೋಕೆ ಬರ್ತಾನೇ ಇಲ್ಲ. ಮೈಗೆ ಹುಷಾರಿಲ್ವಾ?"

"ಹುಷಾರಾಗಿದ್ದೀನಿ."

"ಮತ್ತೆ?"

"ಮನಸ್ಸು ಬರ್ತಾ ಇಲ್ಲ."

"ಬೈಸ್ಕೊಳ್ಳದೆ ಟೀ ರುಚಿ ಹತ್ತುತ್ತಿಲ್ಲ ನೋಡು" ಎಂದು ಹೇಳಿ ಡ್ರೈವರು ಹೋದ. ಇಂಜಿನ್ನು ಆಗಲೂ ಓಡುತ್ತಲೇ ಇತ್ತು.

ಆ ಶನಿವಾರ ಮೇಡಂ ಸ್ವಲ್ಪ ಗೊಂದಲದಲ್ಲಿದ್ದರು. ಲ್ಯಾಬಿನಿಂದ ಫಲಿತಾಂಶ ಬಂದಿತ್ತು. ಕೋಣೆಯೊಳಗಿನ ಬಿಲ್ಲೆಗಳಲ್ಲಿ ಇದ್ದಿಲಿನ ಕಲೆ ಇಲ್ಲವೆನ್ನುವಷ್ಟು ಕಡಿಮೆ. ಇಸ್ತ್ರಿ ಅಂಗಡಿಯಲ್ಲಿ ಅದು ಹೇಗೆ ಸಾಧ್ಯ ಎಂಬುದು ಒಂದು. ಬಿಲ್ಲೆಗಳು ಒಗೆದುಹೋದ ಮೊದಲ ವಾರದಲ್ಲಿ ಗೆರೆಯಕ್ಕನ ಮುಳ್ಳು ತೀರ ಕೆಳಗಿತ್ತು, ಆಮೇಲೆ ಏರುತ್ತಲೇ ಬಂದಿದೆ, ಬೀದಿಯಲ್ಲಿ ಬೇರೆ ಯಾರದೂ ಹಾಗೆ ಏರಿಲ್ಲ ಎಂಬುದು ಇನ್ನೊಂದು.

"ಅಕ್ಕ, ಔಷಧ ಬದಲಾಯಿಸಿದ್ರಾ? ಮನೇಲಿ ಏನಾದ್ರೂ ಬದಲಾಯ್ತಾ?"

ಗೆರೆಯಕ್ಕ ಗಂಡನ ಕಡೆ ನೋಡಿದಳು. ಅವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟ.

"ಬದಲಾಯಿಸಿದ್ದು ನಾನು ಮೇಡಂ. ಇದ್ದಿಲಿಗೂ ಕಲೆ ಇದೆ ಅಂದ್ರಲ್ಲ, ಮಾರನೇ ದಿನವೇ ಅಗ್ಗಿಷ್ಟಿಕೇನ ಹಿತ್ತಲಿಗೆ ಸಾಗಿಸಿದೆ. ನಿಮ್ಮ ಮಿಷನ್ನಿಗೆ ನಾನು ಸಿಗಬಾರದು ಅಂತ."

"ಅಂದ್ರೆ ಮಂಡಿ ಅಲ್ಲ" ಎಂದಳು ಗೆರೆಯಕ್ಕ.

"ಅಲ್ಲ."

ಮೇಡಂ ಫಲಿತಾಂಶದ ಹಾಳೆಗಳನ್ನು ಮಡಚಿದರು. "ಮೊದಲನೇ ವಾರದ ಬಿಲ್ಲೆ ಇದ್ದಿದ್ರೆ ಹೋಲಿಸಿ ನೋಡಬಹುದಿತ್ತು. ಆಗಿನ ಉಸಿರು ನನ್ನ ಹತ್ರ ಇದೆ. ಆಗಿನ ಗಾಳಿ ಇಲ್ಲ."

"ಆಗಿನ ಗಾಳಿ ನಮ್ಮ ಹಿತ್ತಲ ಮೋರಿಗೆ ಹೋಯ್ತು" ಎಂದ ಗೆರೆಯಣ್ಣ. ಆಮೇಲೆ ಅವನು ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದ. "ಅದೆಲ್ಲ ಇರಲಿ ಮೇಡಂ. ಇವಳ ಎದೆ ಕೆಡಿಸಿದ್ದು ಬಸ್ಸಾ, ನಾನಾ? ಅದೊಂದು ಹೇಳಿಬಿಡಿ."

"ಒಬ್ಬರ ಬಗ್ಗೆ ಹಾಗೆ ಬೆರಳು ಮಾಡಿ ಹೇಳೋ ವಿದ್ಯೆ ಅಲ್ಲ ಅಣ್ಣ ಇದು. ಬೀದಿ ಪೂರ್ತಿ ನೋಡಿದ್ರೆ, ಬಸ್ಸಿನ ಹೊಗೆ ಜಾಸ್ತಿಯಾದ ದಿನ ಸುಮಾರು ಎಲ್ಲರ ಮುಳ್ಳೂ ಇಳಿಯುತ್ತೆ. ಅಷ್ಟು ಕಾಣ್ತಾ ಇದೆ. ಈ ಕೋಣೆಯ ಮಾತು ಬೇರೆ. ಇಲ್ಲಿ ಇದ್ದಿಲು ಹೊತ್ತಿಸಿದಾಗಿನದು, ಹೊತ್ತಿಸದೇ ಇದ್ದಾಗಿನದು, ಎರಡೂ ಬಿಲ್ಲೆ ಇದ್ರೆ ಮಾತ್ರ ಏನಾದ್ರೂ ಹೇಳಬಹುದು."

"ಅಷ್ಟೇನಾ?" ಎಂದಳು ಗೆರೆಯಕ್ಕ. "ಒಂದು ವಾರ ಮತ್ತೆ ಒಳಗೇ ಹೊತ್ತಿಸ್ತೀನಿ. ಇಷ್ಟು ವರ್ಷ ಕೂತಿದ್ದೀನಿ, ಒಂದು ವಾರಕ್ಕೆ ಏನಾಗುತ್ತೆ? ಇವರಿಗೂ ಬಸ್ಸೋ ತಾನೋ ಅಂತ ಗೊತ್ತಾಗ್ಲಿ. ಕೊರಗಿ ಕೊರಗಿ ಮೇಷ್ಟ್ರ ಅಂಗಿ ಬೇರೆ ಸುಟ್ಟಿದ್ದಾರೆ."

ಮೇಡಂ ಏನೋ ಹೇಳಲು ಬಾಯಿ ತೆರೆದರು. ಅದಕ್ಕೆ ಮೊದಲೇ ಗೆರೆಯಣ್ಣ, "ಬೇಡ" ಎಂದ.

"ಯಾಕ್ರೀ? ಮಿಷನ್ನು ಬಸ್ಸೇ ಅಂದ್ರೆ? ನೀವೇ ಗೆಲ್ಲಬಹುದು."

"ಗೆಲ್ಲೋದೂ ಬೇಡ. ನೀನು ಆ ಹೊಗೇಲಿ ಮತ್ತೆ ಕೂರೋದೂ ಬೇಡ."

"ಗೊತ್ತಾಗೋದು ಬೇಡ್ವಾ?"

ಅವನು ಇಸ್ತ್ರಿ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ಅದರ ತಳವನ್ನು ಒದ್ದೆ ಬಟ್ಟೆಗೆ ಒತ್ತಿ ಶಾಖ ನೋಡಿದ. ಅದು ಚುಯ್ ಎಂದಿತು. "ಗೊತ್ತಾಗಿದೆ" ಎಂದ.

"ನಾನೂ ಬೇಡ ಅಂತಲೇ ಹೇಳೋಳಿದ್ದೆ" ಎಂದರು ಮೇಡಂ. "ಲೆಕ್ಕಕ್ಕೋಸ್ಕರ ಯಾರನ್ನೂ ಹೊಗೇಲಿ ಕೂರಿಸೋಕೆ ನಮಗೆ ಅಪ್ಪಣೆ ಇಲ್ಲ. ಅಪ್ಪಣೆ ಇದ್ರೂ ನಾನು ಕೂರಿಸ್ತಿರಲಿಲ್ಲ."

ಆ ಸಂಜೆಯೇ ಕೋಣೆಯೊಳಗಿನ ಚಿಕ್ಕ ಯಂತ್ರವನ್ನು ಬಿಚ್ಚಿದರು. ತಾರಸಿಯದು ಉಳಿಯಿತು. ಗೆರೆಯಣ್ಣ ಆ ವರ್ಷವಿಡೀ ಅದರ ಬಿಲ್ಲೆ ಬದಲಾಯಿಸಿದ. ಎಷ್ಟು ಕರಿದಾಗಿದ್ದರೂ ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಡಬ್ಬಿಯೊಳಗಿಡುತ್ತಿದ್ದ. ಅದನ್ನು ಹಾಗೆಯೇ ಕೊಡುವುದು ಅವನಿಗೆ ಕೊನೆಯವರೆಗೂ ಸುಲಭವಾಗಲಿಲ್ಲ.

ಅಧ್ಯಯನ ಮುಗಿದಾಗ ಮೇಡಂ ಬಂದು ಬೀದಿಯವರನ್ನೆಲ್ಲ ಅಂಗಡಿಯ ಮುಂದೆ ಸೇರಿಸಿ ತಿಳಿಸಿದರು. ತೂಕ ನೋಡಿದರೆ ನಮ್ಮ ಗಾಳಿಯಲ್ಲಿ ರಸ್ತೆಯ ಮಣ್ಣೇ ಹೆಚ್ಚು. ಆದರೆ ಅದು ಹೆಚ್ಚಾದ ದಿನ ನಮ್ಮ ಉಸಿರು ಅಷ್ಟಾಗಿ ಇಳಿದಿರಲಿಲ್ಲ. ಡೀಸೆಲ್ ಹೊಗೆ ತೂಕದಲ್ಲಿ ಕಡಿಮೆಯಿದ್ದರೂ ಅದು ಹೆಚ್ಚಾದ ದಿನಗಳಲ್ಲಿ ಉಸಿರು ಇಳಿದಿತ್ತು, ಎದೆನೋವೆಂದು ಡಾಕ್ಟರ ಬಳಿ ಹೋದವರೂ ಹೆಚ್ಚಿದ್ದರು. ಯಾವುದು ಹೆಚ್ಚಿದೆ ಎಂಬುದು ಬೇರೆ, ಯಾವುದು ಹೆಚ್ಚು ಕೆಡಿಸುತ್ತದೆ ಎಂಬುದು ಬೇರೆ, ಎಂದರು. ನಿಂತ ಬಸ್ಸಿನ ಇಂಜಿನ್ನು ಆರಿಸಬೇಕೆಂದು ಬಸ್ಸಿನವರಿಗೆ ಬರೆದಿರುವುದಾಗಿಯೂ ಹೇಳಿದರು. ನಿಲ್ದಾಣದಲ್ಲಿ ಆಗಲೇ ಹಾಗೆಂದು ಒಂದು ಫಲಕ ನೆಟ್ಟಿದ್ದರು. ದಪ್ಪಮೀಸೆಯ ಡ್ರೈವರು ಅದಕ್ಕೆ ಒರಗಿಕೊಂಡು ಟೀ ಕುಡಿಯುತ್ತಿದ್ದ.

ನಾದಿನಿಯೂ ಬಂದಿದ್ದಳು. ಅವಳಿಗೆ ಸಮಾಧಾನವಾಗಲಿಲ್ಲ.

"ಅದೆಲ್ಲ ಬೀದಿ ವಿಷಯ. ಈ ಮನೆ ಬಗ್ಗೆ ಏನು ಬಂತು?"

"ಈ ಮನೆ ಲೆಕ್ಕಕ್ಕೆ ಬರಲಿಲ್ಲ" ಎಂದರು ಮೇಡಂ.

"ಹಾಗಾದ್ರೆ ಎಲ್ಲಾ ಬಸ್ಸಿಂದೇ ತಪ್ಪು ಅಂತಾಯ್ತು. ನಮ್ಮ ಭಾವನವರು ಬಚಾವ್."

ಗೆರೆಯಣ್ಣ ಮೇಜಿನ ಹಿಂದಿನಿಂದ, ಗಿರಾಕಿಗೆ ಬಟ್ಟೆಯ ಎಣಿಕೆ ಒಪ್ಪಿಸುವ ದನಿಯಲ್ಲಿ ಹೇಳಿದ:

"ಹೊರಗೆ ಬಸ್ಸು. ಒಳಗೆ ನಾನು."

ನಾದಿನಿ ಈ ದಿನಕ್ಕಾಗಿ ಎಷ್ಟೋ ವರ್ಷಗಳಿಂದ ಮಾತು ಜೋಡಿಸಿಟ್ಟುಕೊಂಡಿದ್ದಳು. ಒಂದೂ ಕೆಲಸಕ್ಕೆ ಬರಲಿಲ್ಲ. ಅಕ್ಕನ ಮುಖ ನೋಡಿದಳು, ಭಾವನ ಮುಖ ನೋಡಿದಳು, ಕೊನೆಗೆ ನನ್ನ ಮುಖ ನೋಡಿದಳು.

"ಇವಳ ಬಾಯಿ ಕಟ್ಟಿಸೋದು ಇಷ್ಟು ಸುಲಭ ಅಂತ ಮೊದಲೇ ಗೊತ್ತಿದ್ರೆ" ಎಂದು ಗೆರೆಯಕ್ಕ ನಗಲು ಶುರುಮಾಡಿದಳು. ನಗುತ್ತ ನಗುತ್ತ ಸ್ವಲ್ಪ ಕೆಮ್ಮಿದಳು ಕೂಡ. ಎದುರಿಗೆ ಆಗಷ್ಟೇ ಬಂದು ತಿರುಗಿ ನಿಂತ ಬಸ್ಸು ಇನ್ನೂ ಇಂಜಿನ್ನು ಆರಿಸಿರಲಿಲ್ಲ.

ಗೆರೆಯಣ್ಣ ಪೆಟ್ಟಿಗೆಯನ್ನು ಕೆಳಗಿಟ್ಟು, ಬೈಯಲು ರಸ್ತೆ ದಾಟಿದ.